ಕರಿದ ಎಣ್ಣೆಯಿಂದ ಪ್ಲಾಸ್ಟಿಕ್: ಡ್ರಮ್ಮಿಗೆ ದುಡ್ಡು ಹಾಕುವ ಮುನ್ನ

ಪ್ರಶ್ನೆ: ಮೇಡಂ, ನಾವು ದಾವಣಗೆರೆಯಲ್ಲಿ ಕುರುಕಲು ತಿಂಡಿ ಮಾಡಿ ಅಂಗಡಿಗಳಿಗೆ ಹಾಕುತ್ತೇವೆ. ಚಕ್ಕುಲಿ, ಖಾರಾಸೇವು, ಬೂಂದಿ, ಸಂಜೆ ಹೊತ್ತು ಮಿರ್ಚಿ. ದಿನಕ್ಕೆ 12-15 ಕಿಲೋ ಕರಿದ ಎಣ್ಣೆ ಮಿಗುತ್ತದೆ. ನನ್ನ ಮೈದುನನದು ಕೋಳಿ ಅಂಗಡಿ. ಅಲ್ಲಿ ದಿನಾ ಚರ್ಮ, ಕೊಬ್ಬು ಬೀಳುತ್ತದೆ. ಈಚೆಗೆ ಒಬ್ಬರು ಬಂದಿದ್ದರು. ಬ್ಯಾಕ್ಟೀರಿಯಾ ಪುಡಿ, ಡ್ರಮ್ಮಿನ ಸೆಟ್ ಕೊಡುತ್ತಾರಂತೆ. ಎಣ್ಣೆ, ಕೊಬ್ಬು ಹಾಕಿದರೆ ವಾರದಲ್ಲಿ ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ ಪುಡಿ ಬರುತ್ತದಂತೆ. ಅದನ್ನು ಅವರೇ ವಾಪಸ್ ಕೊಳ್ಳುತ್ತಾರಂತೆ. ಒಂದು ಬಿಳಿ ಪುಡಿ ತೋರಿಸಿದರು. 18 ಲಕ್ಷ ಕೇಳುತ್ತಿದ್ದಾರೆ. ಅಕ್ಕಪಕ್ಕದವರ ಎಣ್ಣೆಯೂ ಸೇರಿದರೆ ದಿನಕ್ಕೆ 60 ಕಿಲೋ ಆಗುತ್ತದೆ. ಇದು ನಿಜವಾಗಿ ಆಗುವ ಕೆಲಸವಾ? ಮನೆಯಲ್ಲಿ ಮಕ್ಕಳಿದ್ದಾರೆ, ಬ್ಯಾಕ್ಟೀರಿಯಾದಿಂದ ಕಾಯಿಲೆ ಬರಲ್ವಾ? ಮಳೆಗೆ ಕರಗುವ ಪ್ಲಾಸ್ಟಿಕ್ ಆದರೆ ನಮ್ಮ ತಿಂಡಿ ಪೊಟ್ಟಣಕ್ಕೆ ಏನು ಉಪಯೋಗ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಇವೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ: 18 ಲಕ್ಷ ಹಾಕಬಹುದಾ, ಬೇಡವಾ? ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹಾಕಬೇಡಿ. ವಿಜ್ಞಾನ ಸುಳ್ಳು ಅಂತ ಹೀಗೆ ಹೇಳುತ್ತಿಲ್ಲ. ವಿಜ್ಞಾನ ನಿಜ. ಕೊಬ್ಬು ತಿಂದು ಪ್ಲಾಸ್ಟಿಕ್ ಮಾಡುವ ಬ್ಯಾಕ್ಟೀರಿಯಾಗಳ ಜೊತೆ ನಾನು ಎಷ್ಟೋ ವರ್ಷ ಕಳೆದಿದ್ದೇನೆ, ಅವುಗಳ ಮೇಲೆ ನನಗೆ ತುಂಬ ಪ್ರೀತಿ ಇದೆ. ಆದರೆ ಈ ಕೆಲಸದಲ್ಲಿ ಬ್ಯಾಕ್ಟೀರಿಯಾದ ಪಾಲೇ ಸುಲಭದ್ದು. ಕಷ್ಟವೆಲ್ಲ ಅದರ ಸುತ್ತ ಇದೆ. ಆ ಕಷ್ಟ ಡ್ರಮ್ಮಿನಲ್ಲಿ ಹಿಡಿಸುವುದಿಲ್ಲ.

ಮೊದಲು ಬ್ಯಾಕ್ಟೀರಿಯಾ ಏನು ಮಾಡುತ್ತದೆ ಅಂತ ನೋಡೋಣ. ನಿಮ್ಮ ಕಡೆ ಹಳೇ ಮನೆಗಳಲ್ಲಿ ಹಗೇವು ಇರುತ್ತಿದ್ದವಲ್ಲ, ಜೋಳ ತುಂಬಿಡುವ ಗುಂಡಿ. ಬೆಳೆ ಚೆನ್ನಾಗಿ ಬಂದ ವರ್ಷ ಹಗೇವು ತುಂಬಿಸುತ್ತಿದ್ದರು, ಬರ ಬಂದಾಗ ತೆಗೆಯುತ್ತಿದ್ದರು. ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳದ್ದೂ ಇದೇ ಬುದ್ಧಿ. ತಿನ್ನಲು ಎಣ್ಣೆಯೋ ಸಕ್ಕರೆಯೋ ಬೇಕಾದಷ್ಟಿದೆ, ಆದರೆ ಬೆಳೆಯಲು ಬೇಕಾದ ಸಾರಜನಕ ಮುಗಿದಿದೆ ಅಂದುಕೊಳ್ಳಿ. ಆಗ ಅವು ಮರಿ ಹಾಕುವುದನ್ನು ನಿಲ್ಲಿಸುತ್ತವೆ. ಸಿಕ್ಕ ಆಹಾರವನ್ನು ಹರಳು ಮಾಡಿ ಒಡಲಲ್ಲಿ ಕೂಡಿಡುತ್ತವೆ. ಆ ಹರಳೇ ಪ್ಲಾಸ್ಟಿಕ್. ಈ ಕುಟುಂಬಕ್ಕೆ ಪಿಎಚ್‌ಎ ಅನ್ನುತ್ತೇವೆ. ಅದರಲ್ಲಿ ಮೊದಲು ಸಿಕ್ಕಿದ್ದು ಪಿಎಚ್‌ಬಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೊರಿಸ್ ಲೆಮ್ವಾನ್ಯ ಎಂಬ ವಿಜ್ಞಾನಿ 1925ರ ಹೊತ್ತಿಗೇ ಇದನ್ನು ಗುರುತಿಸಿದ್ದರು. ಚೆನ್ನಾಗಿ ಸಾಕಿದರೆ ಒಣಗಿಸಿದ ಬ್ಯಾಕ್ಟೀರಿಯಾದ ತೂಕದಲ್ಲಿ ನೂರಕ್ಕೆ 80ರಷ್ಟು ಬರೀ ಪ್ಲಾಸ್ಟಿಕ್ಕೇ ಇರುತ್ತದೆ. ಕುಪ್ರಿಯಾವಿಡಸ್ ನೆಕೇಟರ್ ಎಂಬುದು ಈ ಕೆಲಸದಲ್ಲಿ ಎಲ್ಲರೂ ನೆಚ್ಚಿಕೊಂಡ ಬ್ಯಾಕ್ಟೀರಿಯಾ.

ಕೊಬ್ಬು ಯಾಕೆ? ಕೊಬ್ಬಿನ ತೂಕದಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ಕಾರ್ಬನ್ನೇ ಇದೆ. ಸಕ್ಕರೆಯಲ್ಲಿ ಅದು ನೂರಕ್ಕೆ 40ರಷ್ಟು. ಬ್ಯಾಕ್ಟೀರಿಯಾ ಮೊದಲು ಲೈಪೇಸ್ ಎಂಬ ಕಿಣ್ವವನ್ನು ಹೊರಗೆ ಬಿಟ್ಟು ಎಣ್ಣೆಯನ್ನು ಒಡೆಯುತ್ತದೆ. ಆಮೇಲೆ ಎಣ್ಣೆಯಲ್ಲಿದ್ದ ಉದ್ದನೆಯ ಕಾರ್ಬನ್ ಸರವನ್ನು ಒಳಗೆ ಎಳೆದುಕೊಂಡು ಎರಡೆರಡು ಕಾರ್ಬನ್ನಿನ ತುಂಡು ಮಾಡುತ್ತದೆ. ಎರಡು ತುಂಡು ಸೇರಿಸಿ ಒಂದು ಮಣಿ, ಸಾವಿರಾರು ಮಣಿ ಪೋಣಿಸಿ ಒಂದು ಪ್ಲಾಸ್ಟಿಕ್ ಎಳೆ. ಲೆಕ್ಕ ಹೇಳುವುದಾದರೆ ಒಂದು ಕಿಲೋ ಸಕ್ಕರೆ ಕೊಟ್ಟರೆ 300-400 ಗ್ರಾಂ ಪ್ಲಾಸ್ಟಿಕ್ ಬರುತ್ತದೆ. ಒಳ್ಳೆಯ ಘಟಕದಲ್ಲಿ ಒಂದು ಕಿಲೋ ಎಣ್ಣೆಯಿಂದ 600-700 ಗ್ರಾಂ ಬರುತ್ತದೆ. ಪಿಎಚ್‌ಎ ತಯಾರಿಸುವ ಖರ್ಚಿನಲ್ಲಿ ಅರ್ಧದವರೆಗೂ ಬ್ಯಾಕ್ಟೀರಿಯಾದ ಊಟದ ಖರ್ಚೇ ಆಗುತ್ತದೆ. ಹಾಗಾಗಿ ಯಾರಿಗೂ ಬೇಡವಾದ ಕೊಬ್ಬು ಸಿಗುತ್ತದೆ ಅಂದರೆ ಆಸೆ ಹುಟ್ಟುವುದು ಸಹಜ.

ಕರಿದ ಎಣ್ಣೆ ಕೆಟ್ಟಿರುತ್ತದೆ, ಬ್ಯಾಕ್ಟೀರಿಯಾ ಸಾಯಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಯುವುದಿಲ್ಲ. ಬ್ರಿಟನ್ನಿನ ವುಲ್ವರ್‌ಹ್ಯಾಂಪ್ಟನ್ ವಿಶ್ವವಿದ್ಯಾಲಯದವರು 2011ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಹೊಸ ಎಣ್ಣೆ ಕೊಟ್ಟ ಬ್ಯಾಕ್ಟೀರಿಯಾಗಿಂತ ಕರಿದ ಎಣ್ಣೆ ಕೊಟ್ಟದ್ದೇ ಜಾಸ್ತಿ ಪಿಎಚ್‌ಬಿ ಮಾಡಿತ್ತು! ಆದರೆ ಎಷ್ಟು ಮಾಡಿತ್ತು? ಲೀಟರಿಗೆ 1.2 ಗ್ರಾಂ. ಪ್ರಯೋಗಾಲಯದ ಫ್ಲಾಸ್ಕಿನಲ್ಲಿ ಇದು ಒಳ್ಳೆಯ ಫಲಿತಾಂಶ. ಕಾರ್ಖಾನೆಯಲ್ಲಿ ಲೀಟರಿಗೆ ಹತ್ತಾರು ಗ್ರಾಂ ಬರದಿದ್ದರೆ ಬಾಗಿಲು ತೆರೆಯುವುದೇ ನಷ್ಟ. ನಿಮ್ಮ ಹತ್ತಿರ ಬಂದವರು ಫ್ಲಾಸ್ಕಿನ ಸತ್ಯ ಹೇಳಿ ಡ್ರಮ್ಮು ಮಾರುತ್ತಿದ್ದಾರೆ. ತೊಂದರೆ ಇರುವುದು ಅಲ್ಲಿ.

ಈಗ ಡ್ರಮ್ಮಿನ ವಿಷಯ. ನಿಮ್ಮ 60 ಕಿಲೋ ಎಣ್ಣೆಯನ್ನೇ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗೆ ಉಸಿರು ಬಹಳ ಬೇಕು. ಒಂದು ಕಿಲೋ ಎಣ್ಣೆಯನ್ನು ಪ್ಲಾಸ್ಟಿಕ್ ಮಾಡುವಷ್ಟರಲ್ಲಿ ಅದು ಸುಮಾರು ಒಂದೂವರೆ ಕಿಲೋ ಆಕ್ಸಿಜನ್ ಖರ್ಚು ಮಾಡುತ್ತದೆ. 60 ಕಿಲೋಗೆ 90 ಕಿಲೋ. ಗಾಳಿಯಲ್ಲಿ ಆಕ್ಸಿಜನ್ ಬೇಕಾದಷ್ಟಿದೆ, ನಿಜ. ಆದರೆ ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ. 30 ಡಿಗ್ರಿ ಬಿಸಿಯ ನೀರು ಒಂದು ಲೀಟರಿನಲ್ಲಿ ಏಳೆಂಟು ಮಿಲಿಗ್ರಾಂ ಆಕ್ಸಿಜನ್ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಅದು ಕ್ಷಣದಲ್ಲಿ ಖಾಲಿ. ಅಂದರೆ ಹಗಲೂ ರಾತ್ರಿ ಗಾಳಿಯನ್ನು ಒತ್ತಿ, ಸಣ್ಣ ಸಣ್ಣ ಗುಳ್ಳೆ ಮಾಡಿ, ಜೋರಾಗಿ ಕಡೆಯುತ್ತಲೇ ಇರಬೇಕು. ಮೀನಿನ ತೊಟ್ಟಿಗೆ ಹಾಕುವಂಥ ಪಂಪು ಇದಕ್ಕೆ ಏನೇನೂ ಸಾಲದು. ಗಾಳಿ ಸಾಲದಿದ್ದರೆ ಬ್ಯಾಕ್ಟೀರಿಯಾದ ಕೆಲಸ ನಿಲ್ಲುತ್ತದೆ, ಬೇರೆ ಕ್ರಿಮಿಗಳ ಕೆಲಸ ಶುರುವಾಗುತ್ತದೆ. ಕೊಬ್ಬು ಕೊಳೆತ ಹುಳಿ ವಾಸನೆ ಬೀದಿಗೆಲ್ಲ ಹರಡುತ್ತದೆ. ತಿಂಡಿ ಮಾಡುವ ಜಾಗದಲ್ಲಿ ಆ ವಾಸನೆ ಬಂದರೆ ಗಿರಾಕಿ ಉಳಿಯುತ್ತಾರಾ?

ಉಸಿರಾಡಿದ ಮೇಲೆ ಮೈ ಬಿಸಿಯಾಗುತ್ತದೆ. ಅಷ್ಟು ಆಕ್ಸಿಜನ್ ಖರ್ಚಾದರೆ ಸುಮಾರು 15 ಕಿಲೋವ್ಯಾಟ್ ಬಿಸಿ ಹುಟ್ಟುತ್ತದೆ. ಮನೆಯ ಗೀಸರ್ ಏಳೆಂಟನ್ನು ತೊಟ್ಟಿಯೊಳಗೆ ಇಟ್ಟು ದಿನವಿಡೀ ಉರಿಸಿದ ಹಾಗೆ. ಆದರೆ ಈ ಬ್ಯಾಕ್ಟೀರಿಯಾಗೆ ಬೇಕಾದದ್ದು 30 ಡಿಗ್ರಿ. ಐದಾರು ಡಿಗ್ರಿ ಏರಿದರೂ ಅದು ಮಂಕಾಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ತಣ್ಣೀರು ಹರಿಸಿದರೆ ಸಾಲದು, ನೀರನ್ನು ತಂಪು ಮಾಡುವ ಯಂತ್ರ, ಚಿಲ್ಲರ್ ಬೇಕು. ಕರೆಂಟು ಬಿಲ್ಲಿನ ಜೊತೆಗೆ ಜನರೇಟರೂ ಬೇಕು. ಯಾಕೆಂದರೆ ಅರ್ಧ ಗಂಟೆ ಕರೆಂಟು ಹೋದರೂ ಗಾಳಿ ನಿಲ್ಲುತ್ತದೆ.

ಇನ್ನು ತೊಟ್ಟಿಯ ಅಳತೆ. ಒಂದು ಸಲ ತುಂಬಿ, ಬೆಳೆಸಿ, ಖಾಲಿ ಮಾಡಿ, ತೊಳೆಯಲು ನಾಲ್ಕು ದಿನ ಅಂದುಕೊಳ್ಳಿ. ಲೀಟರಿಗೆ 40 ಗ್ರಾಂ ಪ್ಲಾಸ್ಟಿಕ್ ಬಂದರೂ, ದಿನಕ್ಕೆ 36 ಕಿಲೋ (60 ಕಿಲೋ ಎಣ್ಣೆಗೆ, ಕಿಲೋಗೆ 600 ಗ್ರಾಂನಂತೆ) ತೆಗೆಯಲು ಮೂರೂವರೆ ಸಾವಿರ ಲೀಟರಿನ ಫರ್ಮೆಂಟರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಮುಚ್ಚಿದ ತೊಟ್ಟಿ ಬೇಕು. ಅದು ಸ್ಟೀಲಿನದ್ದಾಗಿರಬೇಕು. 121 ಡಿಗ್ರಿ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವಂತಿರಬೇಕು. ಪ್ಲಾಸ್ಟಿಕ್ ಡ್ರಮ್ಮು ಆ ಹಬೆಗೆ ಬಗ್ಗಿಹೋಗುತ್ತದೆ. ಶುದ್ಧ ಮಾಡದಿದ್ದರೆ ಗಾಳಿಯಲ್ಲಿ, ನೀರಿನಲ್ಲಿ ಇರುವ ನೂರೆಂಟು ಜಾತಿಯವು ಒಳಗೆ ಬರುತ್ತವೆ. ಅವೂ ನಿಮ್ಮ ಎಣ್ಣೆ ತಿನ್ನುತ್ತವೆ. ಆದರೆ ಕೂಡಿಡುವುದಿಲ್ಲ.

ಕೊಬ್ಬಿಗೆ ಇನ್ನೊಂದು ಕಾಟ ಇದೆ. ಇದನ್ನು ನಾನು ಅನುಭವಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಸಾಯಿಖಾನೆಯ ಗಟ್ಟಿ ಕೊಬ್ಬಿನ ಮೇಲೆ ಪ್ರಯೋಗ ಮಾಡುತ್ತಿದ್ದೆ. ಅದು 40 ಡಿಗ್ರಿ ದಾಟಿದ ಮೇಲೆ ಪೂರ್ತಿ ಕರಗುವ ಕೊಬ್ಬು. ಫರ್ಮೆಂಟರಿನ ಒಳಗೆ 30 ಡಿಗ್ರಿ. ರಾತ್ರಿ ಪ್ರಯೋಗಾಲಯ ತಣ್ಣಗಾಯಿತು. ಚಳಿಗಾಲದಲ್ಲಿ ತುಪ್ಪ ಹೆಪ್ಪುಗಟ್ಟಿದ ಹಾಗೆ ಕೊಬ್ಬು ಕೊಳವೆಯಲ್ಲೇ ಹೆಪ್ಪುಗಟ್ಟಿತು. ಬ್ಯಾಕ್ಟೀರಿಯಾಗೆ ಊಟ ಹೋಗಲಿಲ್ಲ. ಬೆಳಿಗ್ಗೆ ಬಂದು ಅಳೆದು ನೋಡಿದೆ. ಅವು ಹಗೇವಿನ ಬಾಯಿ ತೆಗೆದು ತಾವೇ ಕೂಡಿಟ್ಟದ್ದನ್ನು ತಿನ್ನಲು ಶುರು ಮಾಡಿದ್ದವು. ಎರಡು ದಿನ ಬೆಳೆಸಿದ ಪ್ಲಾಸ್ಟಿಕ್ ಇಳಿಯುತ್ತಾ ಹೋಗಿತ್ತು. ಈ ಬ್ಯಾಕ್ಟೀರಿಯಾ ನಮಗಾಗಿ ಪ್ಲಾಸ್ಟಿಕ್ ಮಾಡುವುದಿಲ್ಲ, ತನ್ನ ಬರಗಾಲಕ್ಕೆ ಮಾಡಿಕೊಳ್ಳುತ್ತದೆ ಅಂತ ನನಗೆ ಅಂದು ಚೆನ್ನಾಗಿ ಮನದಟ್ಟಾಯಿತು. ಸರಿಯಾದ ಹೊತ್ತಿಗೆ ನಿಲ್ಲಿಸಿ ತೆಗೆಯಬೇಕು. ಆ ಹೊತ್ತು ಯಾವುದು ಅಂತ ಅಳೆಯಲು ಉಪಕರಣ ಬೇಕು, ಅಳೆಯುವವರೂ ಬೇಕು.

ಈ ಗಟ್ಟಿ ಕೊಬ್ಬಿನ ಸಮಸ್ಯೆಗೆ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದವರು ಬಹಳ ಕೆಲಸ ಮಾಡಿದ್ದಾರೆ. ಕೊಬ್ಬನ್ನು ಕರಗಿಸಿಟ್ಟು, ಬಿಸಿ ಆರದಂತೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗುವ ದಾರಿ ಅವರದು. ಪ್ರಯೋಗಾಲಯದಲ್ಲಿ ಮಾಡಿ, ಪೈಲಟ್ ಮಟ್ಟಕ್ಕೂ, ಅಂದರೆ ಕಾರ್ಖಾನೆಗೆ ಮುಂಚಿನ ಸಣ್ಣ ಘಟಕಕ್ಕೂ ಒಯ್ದು ತೋರಿಸಿದ್ದಾರೆ. ಆಸ್ಟ್ರಿಯಾದ ಗ್ರಾತ್ಸ್ ನಗರದವರದು ನನಗೆ ಇನ್ನೂ ಮೆಚ್ಚುಗೆಯಾದ ಯೋಚನೆ. 2010ರ ನಂತರದ ವರ್ಷಗಳಲ್ಲಿ ಆನಿಂಪೋಲ್ ಎಂಬ ಯುರೋಪಿನ ಯೋಜನೆ ನಡೆಯಿತು. ಕಸಾಯಿಖಾನೆಯ ಕೊಬ್ಬನ್ನು ಅವರು ಮೊದಲು ಬಯೋಡೀಸೆಲ್ ಮಾಡಿದರು. ಅದರಲ್ಲಿ ಎರಡು ಭಾಗ ಇರುತ್ತದೆ. ಒಂದು ಚಳಿಯಲ್ಲೂ ತೆಳ್ಳಗೆ ಹರಿಯುವುದು, ಇನ್ನೊಂದು ಬೇಗ ಗಟ್ಟಿಯಾಗುವುದು. ತೆಳುವಾದದ್ದು ಗಾಡಿಗೆ ಒಳ್ಳೆಯದು. ಗಟ್ಟಿಯಾಗುವುದು ಇಂಜಿನ್ನಿಗೆ ಬೇಡ, ಆದರೆ ಬ್ಯಾಕ್ಟೀರಿಯಾಗೆ ನಡೆಯುತ್ತದೆ. ಹಾಗಾಗಿ ಅದನ್ನು ಪ್ಲಾಸ್ಟಿಕ್ಕಿಗೆ ಬಿಟ್ಟರು. ಗಾಡಿಗೆ ಆಗದ್ದನ್ನು ಮಾತ್ರ ಬ್ಯಾಕ್ಟೀರಿಯಾಗೆ ಕೊಡುವುದರಲ್ಲಿ ದೊಡ್ಡ ಬುದ್ಧಿವಂತಿಕೆ ಇದೆ. ಆದರೆ ಅದು ಒಂದು ಕಾರ್ಖಾನೆಯ ಪಕ್ಕದಲ್ಲಿ ಇನ್ನೊಂದು ಕಾರ್ಖಾನೆ ನಿಂತು ಮಾಡುವ ಕೆಲಸ.

ಇಷ್ಟೆಲ್ಲ ಆಗಿ ತೊಟ್ಟಿ ತುಂಬ ಬ್ಯಾಕ್ಟೀರಿಯಾ ಬೆಳೆಯಿತು ಅನ್ನಿ. ಆಗ ನಿಮ್ಮ ಕೈಗೆ ಬರುವುದು ಪುಡಿ ಅಲ್ಲ. ಜಿಡ್ಡು, ಸಾಬೂನು, ನೊರೆ ಬೆರೆತ ಹುಳಿ ಹಿಟ್ಟಿನಂಥ ನೀರು. ಪ್ಲಾಸ್ಟಿಕ್ ಇನ್ನೂ ಬ್ಯಾಕ್ಟೀರಿಯಾದ ಒಡಲೊಳಗೇ ಇದೆ. ಅದನ್ನು ಹೊರಗೆ ತೆಗೆಯಬೇಕು. ಪ್ರಯೋಗಾಲಯಗಳಲ್ಲಿ ಬಿಸಿ ಕ್ಲೋರೋಫಾರ್ಮಿನಲ್ಲಿ ಕರಗಿಸಿ ತೆಗೆಯುತ್ತಾರೆ. ಪುಡಿ ಬೆಳ್ಳಗೆ, ಚೆಂದವಾಗಿ ಬರುತ್ತದೆ. ನಿಮಗೆ ತೋರಿಸಿದ್ದು ಅಂಥದ್ದೇ ಇರಬಹುದು. ಆದರೆ ಕ್ಲೋರೋಫಾರ್ಮಿನ ಹೊಗೆ ಲಿವರ್, ನರ ಎರಡನ್ನೂ ಹಾಳು ಮಾಡುತ್ತದೆ. ಅದನ್ನು ಮನೆಯ ಹಿತ್ತಲಿನಲ್ಲಿ, ತಿಂಡಿ ಘಟಕದಲ್ಲಿ ತೆರೆಯುವ ಮಾತೇ ಇಲ್ಲ. ಬೇರೆ ದಾರಿ ಅಂದರೆ ಕ್ಷಾರ, ಬ್ಲೀಚಿಂಗ್ ದ್ರಾವಣ, ಸೋಪಿನಂಥ ರಾಸಾಯನಿಕ ಅಥವಾ ಕಿಣ್ವ ಹಾಕಿ ಬ್ಯಾಕ್ಟೀರಿಯಾದ ಗೋಡೆ ಒಡೆಯುವುದು. ಅಲ್ಲಿ ಹಾಳು ನೀರು ಬಹಳ ಬರುತ್ತದೆ. ಬ್ಲೀಚ್ ಸ್ವಲ್ಪ ಜಾಸ್ತಿಯಾದರೂ ಪ್ಲಾಸ್ಟಿಕ್ಕಿನ ಉದ್ದ ಎಳೆಗಳೇ ತುಂಡಾಗಿ ಮಾಲು ಸತ್ತುಹೋಗುತ್ತದೆ. ತೊಳೆಯುವುದು ಸರಿಯಾಗದಿದ್ದರೆ ಜಿಡ್ಡು ಉಳಿದು, ತಿಂಗಳಲ್ಲಿ ಪುಡಿ ಕಮಟು ಹಿಡಿಯುತ್ತದೆ. ನಿಮ್ಮ ಏಜೆಂಟರನ್ನು ಕೇಳಿ: ‘ನೀವು ಪುಡಿಯನ್ನು ಹೊರಗೆ ತೆಗೆಯುವುದು ಹೇಗೆ?’ ಈ ಪ್ರಶ್ನೆಗೆ ಅವರು ತಡವರಿಸಿದರೆ ಮುಂದಿನ ಮಾತೇ ಬೇಡ.

ತೆಗೆದ ಪುಡಿ ಎಂಥದ್ದು ಅನ್ನುವುದೂ ಮುಖ್ಯ. ಕುಪ್ರಿಯಾವಿಡಸ್ ತನ್ನ ಸಹಜ ಗುಣದಲ್ಲಿ ಎಣ್ಣೆಯಿಂದ ಮಾಡುವುದು ಪಿಎಚ್‌ಬಿ. ಅದು ಗಟ್ಟಿ, ಆದರೆ ಪೆಡಸು. ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. 175 ಡಿಗ್ರಿ ಹತ್ತಿರ ಕರಗುತ್ತದೆ, ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಕೆಡಲು ಶುರು. ಅಚ್ಚು ಹಾಕುವವರಿಗೆ ಇಷ್ಟು ಸಣ್ಣ ಅಂತರದಲ್ಲಿ ಕೆಲಸ ಮಾಡುವುದು ಬಹಳ ಕಷ್ಟ. ಹಾಗಾಗಿ ಬಗ್ಗುವ ಗುಣ ಬರಲು ಬೇರೆ ಜಾತಿಯ ಮಣಿಗಳನ್ನು ನಡುನಡುವೆ ಪೋಣಿಸಬೇಕು. ಜಪಾನಿನ ಕನೇಕಾ ಕಂಪನಿ ತಾಳೆ ಎಣ್ಣೆಯಂಥ ಸಸ್ಯದ ಎಣ್ಣೆಯಿಂದ ಮಾಡುವುದು ಇಂಥ ಪ್ಲಾಸ್ಟಿಕ್. 2019ರಲ್ಲಿ ವರ್ಷಕ್ಕೆ 5,000 ಟನ್ ಸಾಮರ್ಥ್ಯದ ಘಟಕ ಹಾಕಿದರು. ಆದರೆ ಕೊಬ್ಬಿನಿಂದ ನೇರವಾಗಿ ಇದನ್ನು ಮಾಡಲು ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಜೀನ್ ಬದಲಿಸಿರುತ್ತಾರೆ. ನಮ್ಮ ದೇಶದಲ್ಲಿ ಜೀನ್ ಬದಲಿಸಿದ ಬ್ಯಾಕ್ಟೀರಿಯಾ ಇಟ್ಟುಕೊಳ್ಳಲು, ಬೆಳೆಸಲು 1989ರ ನಿಯಮಗಳ ಪ್ರಕಾರ ಅನುಮತಿ ಬೇಕು. ಸಹಜ ಬ್ಯಾಕ್ಟೀರಿಯಾ ಆದರೆ ಹಪ್ಪಳದಂಥ ಪ್ಲಾಸ್ಟಿಕ್, ಬಗ್ಗುವ ಪ್ಲಾಸ್ಟಿಕ್ ಬೇಕಾದರೆ ಅನುಮತಿಯ ದಾರಿ. ಪುಡಿ ಪೊಟ್ಟಣ ಮಾರುವವರು ಇವೆರಡರಲ್ಲಿ ಯಾವುದನ್ನು ಕೊಡುತ್ತಿದ್ದಾರೆ ಅಂತ ಬರವಣಿಗೆಯಲ್ಲಿ ಕೇಳಿ.

ಮಕ್ಕಳ ಬಗ್ಗೆ ನಿಮಗಿರುವ ಭಯಕ್ಕೆ ಬರುತ್ತೇನೆ. ಕುಪ್ರಿಯಾವಿಡಸ್ ನೆಕೇಟರ್ ಮಣ್ಣಿನ ಬ್ಯಾಕ್ಟೀರಿಯಾ. ಆರೋಗ್ಯವಂತರಿಗೆ ಕಾಯಿಲೆ ತರುವ ಪೈಕಿ ಅಲ್ಲ. ತಯಾರಾದ ಪ್ಲಾಸ್ಟಿಕ್ಕಿನಲ್ಲಿ ಅದು ಜೀವಂತ ಇರುವುದೂ ಇಲ್ಲ. ಇದೇ ಕುಟುಂಬದ ಒಂದು ಪಾಲಿಮರಿನಿಂದ (ಪ್ಲಾಸ್ಟಿಕ್ಕಿನಿಂದ) ಮಾಡಿದ ಆಪರೇಷನ್ ಹೊಲಿಗೆ ದಾರಕ್ಕೆ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಅದು ಮೈಯೊಳಗೆ ನಿಧಾನವಾಗಿ ಕರಗಿಹೋಗುತ್ತದೆ. ಹಾಗಾಗಿ ಪ್ಲಾಸ್ಟಿಕ್ಕಿಗೆ ಹೆದರಬೇಡಿ. ಹೆದರಬೇಕಾದದ್ದು ಹೆಸರಿಲ್ಲದ ಪುಡಿಗೆ. ಸ್ಯೂಡೋಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾವೂ ಎಣ್ಣೆ ತಿಂದು ಪಿಎಚ್‌ಎ ಮಾಡುತ್ತದೆ. ಅದು ಆಸ್ಪತ್ರೆಗಳಲ್ಲಿ ಗಾಯಕ್ಕೆ, ಶ್ವಾಸಕೋಶಕ್ಕೆ ಸೋಂಕು ತರುವ ಜಾತಿ. ಯಾವ ಬ್ಯಾಕ್ಟೀರಿಯಾ, ಎಲ್ಲಿಂದ ತಂದದ್ದು ಅಂತ ಹೇಳದವರಿಂದ ಒಂದು ಚಮಚ ಪುಡಿಯನ್ನೂ ಕೊಳ್ಳಬೇಡಿ. ತೆರೆದ ಡ್ರಮ್ಮಿನಲ್ಲಿ ನಾಲ್ಕು ದಿನ ಬೆಳೆದದ್ದು ಏನು ಅಂತ ಅದನ್ನು ಮಾರಿದವರಿಗೂ ಗೊತ್ತಿರುವುದಿಲ್ಲ. ತಿಂಡಿ ಕರಿಯುವ ಸೂರಿನ ಕೆಳಗಂತೂ ಇದು ಬರಲೇಬಾರದು.

ಮಳೆಗೆ ಕರಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಪಿಎಚ್‌ಎ ನೀರಿನಲ್ಲಿ ಕರಗುವುದಿಲ್ಲ. ಬೀರುವಿನಲ್ಲಿಟ್ಟರೆ ವರ್ಷಗಟ್ಟಲೆ ಇರುತ್ತದೆ. 1990ರಲ್ಲಿ ಜರ್ಮನಿಯಲ್ಲಿ ಶಾಂಪೂವನ್ನೇ ಈ ಪ್ಲಾಸ್ಟಿಕ್ಕಿನ ಬಾಟಲಿಯಲ್ಲಿ ಹಾಕಿ ಮಾರಿದ್ದರು. ಶಾಂಪೂಗೆ ಕರಗದ್ದು ಮಳೆಗೆ ಕರಗುತ್ತದಾ? ಮಣ್ಣಿನಲ್ಲಿ ಬೇರೆ ಸೂಕ್ಷ್ಮಜೀವಿಗಳು ಬಂದು ಅದನ್ನು ಕತ್ತರಿಸಿ ತಿಂದರೆ ಮಾತ್ರ ಅದು ಹೋಗುತ್ತದೆ. ಅವು ಅದನ್ನು ತಿನ್ನಲು ಕಾರಣ ಏನು ಅಂತ ನಿಮಗೀಗ ಗೊತ್ತು: ಯಾರೋ ಕೂಡಿಟ್ಟ ಕಾಳು ಅದು. ತೆಳ್ಳನೆಯ ಹಾಳೆ ಬೆಚ್ಚಗಿನ ಹಸಿ ಗೊಬ್ಬರದಲ್ಲಿ ಕೆಲವು ತಿಂಗಳಲ್ಲಿ ಹೋಗುತ್ತದೆ. ದಪ್ಪ ವಸ್ತು ವರ್ಷ ಮೀರಬಹುದು. ಸಮುದ್ರದಲ್ಲೂ ಸೂಕ್ಷ್ಮಜೀವಿಗಳು ಇದನ್ನು ತಿಂದು ಮುಗಿಸುತ್ತವೆ, ಇದು ಅದರ ದೊಡ್ಡ ಗುಣ. ಮೆಕ್ಕೆಜೋಳದಿಂದ ಬರುವ ಪಿಎಲ್‌ಎ ಅನ್ನುವುದೂ ಕರಗುವ ಪ್ಲಾಸ್ಟಿಕ್ಕೇ, ಆದರೆ ಅದಕ್ಕೆ 58 ಡಿಗ್ರಿ ಬಿಸಿಯ ದೊಡ್ಡ ಗೊಬ್ಬರ ಘಟಕ ಬೇಕು. ಹಿತ್ತಲಿನ ತಿಪ್ಪೆಯಲ್ಲಿ ಅದು ಸುಮ್ನೆ ಬಿದ್ದಿರುತ್ತದೆ. ಗಾಳಿ ಇಲ್ಲದ ಕಸದ ಗುಡ್ಡದ ಆಳದಲ್ಲಿ ಬಿದ್ದರೆ ಪಿಎಚ್‌ಎ ಕೂಡ ಮೀಥೇನ್ ಬಿಡುತ್ತದೆ. ಚರಂಡಿಗೆ ಎಸೆಯಬಹುದು ಅಂತ ಯಾರೂ ಅಂದುಕೊಳ್ಳಬಾರದು. ‘ಬಯೋ’ ಅಂತ ಬರೆದದ್ದೆಲ್ಲ ಕರಗುವುದೂ ಇಲ್ಲ. ಬ್ರೆಜಿಲ್ಲಿನಲ್ಲಿ ಕಬ್ಬಿನಿಂದ ಪಾಲಿಥೀನ್ ಮಾಡುತ್ತಾರೆ. ಅದು ಮಾಮೂಲಿ ಪಾಲಿಥೀನಿನಷ್ಟೇ ಗಟ್ಟಿ ಆಯಸ್ಸಿನದು.

ನಿಮ್ಮ ಚಕ್ಕುಲಿ ಪೊಟ್ಟಣದ ವಿಷಯ ಬೇರೆ. ಅಲ್ಲಿ ಗರಿಗರಿ ಉಳಿಯಬೇಕು, ಎಣ್ಣೆ ಕಮಟಬಾರದು. ಅಂದರೆ ತೇವ, ಗಾಳಿ ಎರಡನ್ನೂ ತಡೆಯುವ ಪದರ ಬೇಕು. ಬರೀ ಪಿಎಚ್‌ಬಿ ಹಾಳೆಯಿಂದ ಆ ಕೆಲಸ ಇವತ್ತಿಗೆ ಆಗುವುದಿಲ್ಲ.

ದುಡ್ಡಿನ ಮಾತು. ಮಾಮೂಲಿ ಪಾಲಿಥೀನ್ ಕಾಳು ಕಿಲೋಗೆ ನೂರು ರೂಪಾಯಿಯ ಆಸುಪಾಸು. ಪಿಎಚ್‌ಎ ಅದರ ಮೂರು-ನಾಲ್ಕು ಪಟ್ಟು. ನಿಮಗೆ ಬಂದವರು ಬಹುಶಃ ಹೀಗೆ ಲೆಕ್ಕ ತೋರಿಸಿರಬಹುದು: ದಿನಕ್ಕೆ 36 ಕಿಲೋ, ಕಿಲೋಗೆ 350, ದಿನಕ್ಕೆ ಹನ್ನೆರಡೂವರೆ ಸಾವಿರ. ಈ ಬೆಲೆ ಸಿಗುವುದು ಶುದ್ಧ ಮಾಡಿ, ಪರೀಕ್ಷೆ ಮಾಡಿ, ಪ್ರತಿ ಚೀಲವೂ ಒಂದೇ ಗುಣದ್ದು ಅಂತ ಖಾತ್ರಿ ಕೊಟ್ಟ ಮಾಲಿಗೆ. ಇವತ್ತು ಸೂರ್ಯಕಾಂತಿ, ನಾಳೆ ತಾಳೆ ಎಣ್ಣೆ, ನಾಡಿದ್ದು ಕೋಳಿ ಕೊಬ್ಬು ಹಾಕಿ ತೆರೆದ ಡ್ರಮ್ಮಿನಲ್ಲಿ ಮಾಡಿದ್ದಕ್ಕೆ ಆ ಖಾತ್ರಿ ಕೊಡಲು ಆಗುವುದಿಲ್ಲ. ‘ನಾವೇ ವಾಪಸ್ ಕೊಳ್ಳುತ್ತೇವೆ’ ಎಂಬ ಮಾತಿಗೆ ಎಷ್ಟು ಬಲ ಇದೆ ಅಂತ ವಕೀಲರ ಹತ್ತಿರ ಓದಿಸಿ. ಈ ಧಂಧೆ ದೊಡ್ಡವರಿಗೂ ಸುಲಭ ಇಲ್ಲ. ಅಮೆರಿಕದಲ್ಲಿ ಕನೋಲಾ ಎಣ್ಣೆಯಿಂದ ಪಿಎಚ್‌ಎ ಮಾಡುತ್ತಿದ್ದ ಡ್ಯಾನಿಮರ್ ಕಂಪನಿ ದೊಡ್ಡ ಕಾರ್ಖಾನೆ, ದೊಡ್ಡ ಗಿರಾಕಿಗಳು ಎಲ್ಲ ಇದ್ದೂ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ನನಗೆ ಅದು ನೋವಿನ ಸುದ್ದಿ. ನಾವೆಲ್ಲ ಕಣ್ಣಿಟ್ಟು ನೋಡುತ್ತಿದ್ದ ಘಟಕ ಅದು.

ಹಾಗಾದರೆ ನಿಮ್ಮ ಎಣ್ಣೆ ಏನು ಮಾಡುವುದು? ನನ್ನ ಅನುಭವದಲ್ಲಿ ನಿಮಗೆ ನಾಳೆಯಿಂದಲೇ ಲಾಭ ಕೊಡುವ ದಾರಿ ಅದನ್ನು ಚೊಕ್ಕವಾಗಿ ಮಾರುವುದು. ಆಹಾರ ಸುರಕ್ಷತೆಯ ನಿಯಮದ ಪ್ರಕಾರ 2018ರ ಜುಲೈಯಿಂದ ಕರಿಯುವ ಎಣ್ಣೆಯಲ್ಲಿ ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಪದಾರ್ಥ) ನೂರಕ್ಕೆ 25 ದಾಟಬಾರದು. ದಾಟಿದರೆ ಮತ್ತೆ ತಿಂಡಿಗೆ ಬಳಸುವಂತಿಲ್ಲ. ಅದೇ ವರ್ಷ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ‘ರೂಕೋ’ ಎಂಬ ಹೆಸರಲ್ಲಿ ಇಂಥ ಎಣ್ಣೆಯನ್ನು ಬಯೋಡೀಸೆಲ್ಲಿಗೆ ಕಳಿಸುವ ವ್ಯವಸ್ಥೆ ಶುರು ಮಾಡಿತು. ಮಾನ್ಯತೆ ಇರುವ ಸಂಗ್ರಹಕಾರರು ಅಂಗಡಿಗೇ ಬಂದು ಒಯ್ಯುತ್ತಾರೆ. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಕರಿಯಲು ಬಳಸುವವರು ಲೆಕ್ಕದ ಪುಸ್ತಕ ಇಡಲೇಬೇಕು. ನೀವು ಅಷ್ಟು ಬಳಸದಿದ್ದರೂ ಇಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಅಕ್ಕಪಕ್ಕದವರ ಎಣ್ಣೆ ನೀವು ಕೂಡಿಹಾಕಲು ಹೊರಟರೆ ನೀವೇ ಸಂಗ್ರಹಕಾರರಾಗುತ್ತೀರಿ. ಅದಕ್ಕೆ ಮಾನ್ಯತೆ ಬೇಕು.

ಬೆಲೆ ಚೆನ್ನಾಗಿ ಸಿಗಬೇಕಾದರೆ ಎಣ್ಣೆ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಹಿಟ್ಟಿನ ಮಡ್ಡಿ ಉಳಿಯಬಾರದು. ನೀರು ಬೀಳಬಾರದು. ಮುಚ್ಚಳ ಇರುವ ಡಬ್ಬದಲ್ಲಿ ನೆರಳಿನಲ್ಲಿ ಇಡಿ. ಕೋಳಿ ಕೊಬ್ಬನ್ನು ಇದಕ್ಕೆ ಬೆರೆಸಲೇಬೇಡಿ, ಇಡೀ ಡಬ್ಬದ ಬೆಲೆ ಬೀಳುತ್ತದೆ. ವಿಮಾನಕ್ಕೂ ಕರಿದ ಎಣ್ಣೆಯಿಂದ ಇಂಧನ ಮಾಡುವ ಕಾಲ ಇದು. ಯಾರಿಗೂ ಬೇಡವಾದ ಎಣ್ಣೆ ಅನ್ನುವ ದಿನ ಹೋಯಿತು. ಬ್ಯಾಕ್ಟೀರಿಯಾ ಪ್ಲಾಸ್ಟಿಕ್ಕಿಗೆ ಇದು ಒಂದು ಪೆಟ್ಟು ಕೂಡ. ಪುಕ್ಕಟೆ ಅಂದುಕೊಂಡ ಊಟಕ್ಕೆ ಈಗ ಪೈಪೋಟಿ ಇದೆ.

ಮೈದುನನ ಕೋಳಿ ಕೊಬ್ಬಿನ ಕತೆ ಸ್ವಲ್ಪ ಬೇರೆ. ಅದು ದನದ ಕೊಬ್ಬಿನಷ್ಟು ಗಟ್ಟಿ ಅಲ್ಲ. ಬ್ಯಾಕ್ಟೀರಿಯಾಗೆ ಅದೇ ಅನುಕೂಲ. ಆದರೆ ಚರ್ಮದಿಂದ ಕೊಬ್ಬನ್ನು ಕಾಸಿ ತೆಗೆಯಬೇಕು, ಅದೇ ದಿನ ತೆಗೆಯಬೇಕು. ವಾಸನೆ, ಹಾಳು ನೀರು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಎಲ್ಲ ಬರುತ್ತದೆ. ಒಂದೇ ಅಂಗಡಿಯ ಕೊಬ್ಬಿಗೆ ಇಷ್ಟು ರಗಳೆ ಗಿಟ್ಟುವುದಿಲ್ಲ. ಊರಿನ ಕೋಳಿ ಅಂಗಡಿಗಳ ಕಸ ಒಟ್ಟಿಗೆ ಒಯ್ಯುವವರಿದ್ದರೆ ಅವರಿಗೆ ಕೊಡುವುದೇ ಮೇಲು.

ನಿಮ್ಮ ಪತ್ರದಲ್ಲಿ ಬರೀ ದುಡ್ಡಿನ ಆಸೆ ಕಾಣಲಿಲ್ಲ, ಈ ಕೆಲಸದ ಮೇಲೆ ಕುತೂಹಲವೂ ಇದೆ. ಅದನ್ನು ಬಿಡಬೇಡಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಈ ಪ್ಲಾಸ್ಟಿಕ್ಕಿನ ಮೇಲೆ ಸಂಶೋಧನೆ ನಡೆದಿದೆ. ನಿಮ್ಮ ಊರಿನ ಇಂಜಿನಿಯರಿಂಗ್ ಕಾಲೇಜಿನ ಬಯೋಟೆಕ್ನಾಲಜಿ ವಿಭಾಗಕ್ಕೆ ಹೋಗಿ ಐದು ಲೀಟರ್ ಸೋಸಿದ ಎಣ್ಣೆ ಕೊಟ್ಟು, ವಿದ್ಯಾರ್ಥಿಗಳ ಪ್ರಾಜೆಕ್ಟ್ ಮಾಡಿಸಿ ಅನ್ನಿ. ಖುಷಿಯಿಂದ ಮಾಡುತ್ತಾರೆ. ಲೀಟರಿಗೆ ಎಷ್ಟು ಗ್ರಾಂ ಬಂತು ಅಂತ ಕಣ್ಣಾರೆ ನೋಡುತ್ತೀರಿ. ನಿಜವಾದ ಹೊಸ ಯೋಚನೆ ಹೊಳೆದರೆ, ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆ ಬಯೋಟೆಕ್ ಹೊಸಬರಿಗೆ 50 ಲಕ್ಷದವರೆಗೆ ಅನುದಾನ ಕೊಡುತ್ತದೆ. ನಿಮ್ಮ ಸ್ವಂತ 18 ಲಕ್ಷವನ್ನು ಪಣಕ್ಕೆ ಇಡುವುದಕ್ಕಿಂತ ಆ ದಾರಿ ಒಳ್ಳೆಯದಲ್ವಾ? ಯಶಸ್ಸು ಖಾತ್ರಿ ಇಲ್ಲ, ಒಂದೆರಡು ವರ್ಷ ಹಿಡಿಯುತ್ತದೆ.

ಪ್ಲಾಸ್ಟಿಕ್ ಮಾಡುವುದು ಬಿಟ್ಟು, ಕರಗುವ ಪ್ಲಾಸ್ಟಿಕ್ಕಿನ ಕಾಳು ಕೊಂಡು ಚಮಚವೋ ಚೀಲವೋ ಅಚ್ಚು ಹಾಕುವ ದಾರಿಯೂ ಇದೆ. ಅಲ್ಲಿ ಬ್ಯಾಕ್ಟೀರಿಯಾದ ತಲೆನೋವಿಲ್ಲ. ಆದರೆ ಅದು ಗೊಬ್ಬರವಾಗಿ ಕರಗುತ್ತದಾ ಅಂತ ನೋಡುವ ಐಎಸ್‌ಒ 17088 ಪರೀಕ್ಷೆ ಪಾಸಾಗಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇಲ್ಲದೆ ‘ಕಾಂಪೋಸ್ಟೇಬಲ್’ ಅಂತ ಬರೆದು ಚೀಲ ಮಾರುವಂತಿಲ್ಲ. ಪರೀಕ್ಷೆಗೇ ತಿಂಗಳುಗಟ್ಟಲೆ ಬೇಕು. 2022ರ ಜುಲೈನಲ್ಲಿ ದೇಶದಲ್ಲಿ ಒಂದು ಸಲ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ನಿಷೇಧ ಬಂದ ಮೇಲೆ ಈ ಮಾರುಕಟ್ಟೆಗೆ ಬಹಳ ಜನ ಇಳಿದಿದ್ದಾರೆ. ಪ್ರಮಾಣಪತ್ರ ಇಲ್ಲದೆ ಇಳಿದವರೂ ಇದ್ದಾರೆ. ದಾಳಿಯಾದರೆ ಮಾಲು ಹೋಗುತ್ತದೆ, ದಂಡ ಬೀಳುತ್ತದೆ.

ಕೊನೆಗೆ ಒಂದು ಕೆಲಸ ಮಾಡಿ. ಆ ಏಜೆಂಟರಿಂದ ಅವರು ತೋರಿಸಿದ ಬಿಳಿ ಪುಡಿ 50 ಗ್ರಾಂ ಇಸಕೊಳ್ಳಿ. ಮೈಸೂರಿನ ಸಿಪೆಟ್ ಕೇಂದ್ರದಂಥ ಪ್ಲಾಸ್ಟಿಕ್ ಪರೀಕ್ಷಾಲಯದಲ್ಲಿ ಅದು ಎಷ್ಟು ಡಿಗ್ರಿಗೆ ಕರಗುತ್ತದೆ, ಯಾವ ಪಾಲಿಮರ್ ಎಂದು ಪರೀಕ್ಷೆ ಮಾಡಿಸಿ. 175ರ ಹತ್ತಿರ ಕರಗಿದರೆ ಪಿಎಚ್‌ಬಿ ಇರಬಹುದು. 60ರಲ್ಲೇ ಮೆತ್ತಗಾದರೆ ಬೇರೆ ಏನೋ. ಪಿಎಚ್‌ಬಿಯೇ ಆಗಿದ್ದರೆ, ಅದು ಅವರ ಡ್ರಮ್ಮಿನಲ್ಲೇ ಆದದ್ದಾ ಅನ್ನುವುದು ಮುಂದಿನ ಪ್ರಶ್ನೆ. ನಡೆಯುತ್ತಿರುವ ಘಟಕ ಒಂದನ್ನು ತೋರಿಸಲು ಹೇಳಿ. ನಾಲ್ಕು ದಿನ ಅಲ್ಲೇ ನಿಂತು, ಎಣ್ಣೆ ಹಾಕುವುದರಿಂದ ಪುಡಿ ತೂಗುವವರೆಗೆ ನೋಡುತ್ತೇವೆ ಅನ್ನಿ. ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿತು. ಒಪ್ಪಿದರೆ ಹೋಗಿ ನೋಡಿ ಬನ್ನಿ, ಅಲ್ಲಿ ಕಂಡದ್ದನ್ನು ಮತ್ತು ಪರೀಕ್ಷೆಯ ಕಾಗದವನ್ನು ನನಗೆ ಕಳಿಸಿ. ನಾನು ಓದಿ ಬರೆಯುತ್ತೇನೆ. ಅಲ್ಲಿಯವರೆಗೆ ಮುಂಗಡ ಅಂತ ಒಂದು ರೂಪಾಯಿಯನ್ನೂ ಕೊಡಬೇಡಿ.